ಹೇಳಿದ ತೂಕ

ಸಟನ್, ಲಂಡನ್
೧೧ ಫೆಬ್ರವರಿ ೨೦೨೪

ನಿಖಿತಾ,

ಕ್ಷೇಮಸಮಾಚಾರವೆಲ್ಲ ನಿನ್ನ ಅಮ್ಮನ ವಾಟ್ಸಾಪಿನಲ್ಲಿ ದಿನಾ ಹೋಗಿಬಂದು ಮಾಡುತ್ತಿರುವುದರಿಂದ ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಎರಡು ವರ್ಷಕ್ಕೂ ಮಿಕ್ಕಿ ನಿನಗೂ ನನಗೂ ಮಾತಿಲ್ಲ. ಈ ಕಾಗದ ಆ ಸಂಗತಿ ಎತ್ತುವುದಕ್ಕಲ್ಲ. ನನಗೊಂದು ವಿಷಯ ತಿಳಿಯಬೇಕಾಗಿದೆ, ಅಷ್ಟೆ.

ನಿನ್ನೆ ಅಮ್ಮ ನಿನ್ನ ಫೋಟೋ ತೋರಿಸಿದಳು. ಹಳದಿ ಜಾಕೆಟ್ ತೊಟ್ಟು ಒಂದು ಪುಟ್ಟ ವಿಮಾನದ ರೆಕ್ಕೆಯ ಕೆಳಗೆ ನಿಂತಿದ್ದೀಯ. ಅವಳು ನಿನ್ನ ಮುಖ ನೋಡುತ್ತಿದ್ದಳು, ನಾನು ಫೋಟೋದ ಮೂಲೆ ನೋಡುತ್ತಿದ್ದೆ. ಅಲ್ಲಿ ರನ್‌ವೇಗೆ ಅಡ್ಡಲಾಗಿ ಒಂದು ರಸ್ತೆ, ರಸ್ತೆಗೊಂದು ಗೇಟು, ಗೇಟಿನಾಚೆ ಸೈಕಲ್ ಹಿಡಿದು ನಿಂತ ಒಬ್ಬ ಮುದುಕ. ಧಾರವಾಡದಲ್ಲಿ ರೈಲ್ವೆ ಗೇಟು ಬಿದ್ದಾಗ ಜನ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದಾನೆ. ವಿಮಾನ ಇಳಿಯುವ ಜಾಗಕ್ಕೆ ಅಡ್ಡ ರಸ್ತೆ ಇರಬಹುದೆ? ಗೇಟು ಹಾಕುವವರು ಯಾರು? ಅವರಿಗೆ ಮರೆವು ಬಂದರೆ ಏನು ಗತಿ? ರನ್‌ವೇ ಎಷ್ಟು ಉದ್ದ? ದಿನಕ್ಕೆ ಎಷ್ಟು ವಿಮಾನ? ಆರು ತಿಂಗಳ ಮಟ್ಟಿಗೆ ಮೆರೋನ್ ದ್ವೀಪದ ಕ್ಲಿನಿಕ್ಕಿಗೆ ಎಂದು ಹೋದವಳು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹೇಗೆ ಉಳಿದೆ ಎಂಬುದನ್ನು ಕೇಳುತ್ತಿಲ್ಲ. ಅಲ್ಲಿ ನೀನು ಮಾಡುವ ಕೆಲಸವಾದರೂ ಏನು ಎಂದು ಕೇಳುತ್ತಿದ್ದೇನೆ.

ನಾನು ಇದನ್ನು ಬರೆಯಲು ಕೂತಾಗ ಅಮ್ಮ, "ನಿಮಗ ಮಗಳ ಬಗ್ಗೆ ಕೇಳಬೇಕಾಗೇದೋ, ಗೇಟಿನ ಬಗ್ಗೆ ಕೇಳಬೇಕಾಗೇದೋ?" ಅಂದಳು. ಗೇಟಿನ ಬಗ್ಗೆ ಎಂದೆ. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಉತ್ತರ ಬರೆದರೆ ಸಂತೋಷ. ಬರೆಯದಿದ್ದರೆ ಲೈಬ್ರರಿಯಲ್ಲಿ ಹುಡುಕಿಕೊಳ್ಳುತ್ತೇನೆ.

ನಿನ್ನ ಅಪ್ಪ,
ಗೋಪೀನಾಥ


ಮೆರೋನ್ ದ್ವೀಪ
೧೯ ಮಾರ್ಚ್ ೨೦೨೪

ಅಪ್ಪಾ,

ನಿಮ್ಮ ಕಾಗದ ಇಪ್ಪತ್ತಾರು ದಿನ ಪ್ರಯಾಣ ಮಾಡಿ ಬಂತು. ಗೇಟಿನ ಬಗ್ಗೆ ನೀವು ಇಷ್ಟು ತಲೆ ಕೆಡಿಸಿಕೊಂಡಿದ್ದು ನೋಡಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಉತ್ತರ ಬರೆಯೋಣ ಅನ್ನಿಸಿತು. ಧಾರವಾಡದಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತ ಕನ್ನಡ ಇದು. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ರಸ್ತೆ ನಿಜವಾಗಿಯೂ ರನ್‌ವೇ ದಾಟುತ್ತದೆ. ದ್ವೀಪಕ್ಕೆ ಅದೊಂದೇ ಡಾಂಬರು ರಸ್ತೆ, ಬೇರೆ ಕಡೆ ಗುಡ್ಡ. ಗೇಟು ಹಾಕುವವರು ಮಿಸ್ಟರ್ ಲ್ಯಾಂಬರ್ಟ್. ಬೆಂಕಿ ಆರಿಸುವ ಗಾಡಿಯ ಡ್ರೈವರೂ ಅವರೇ, ಅಂಚೆ ಹಂಚುವವರೂ ಅವರೇ. ವಿಮಾನ ಬರುವ ಹತ್ತು ನಿಮಿಷ ಮೊದಲು ಸೈರನ್ ಒತ್ತಿ, ಗೇಟು ಹಾಕಿ, ಗಾಡಿಯಲ್ಲಿ ರನ್‌ವೇಯ ಈ ತುದಿಯಿಂದ ಆ ತುದಿಗೆ ಹೋಗಿ ಆಡುಗಳನ್ನು ಓಡಿಸುತ್ತಾರೆ. ಮರೆತರೆ ಪೈಲಟ್ ಇಳಿಯುವುದಿಲ್ಲ, ಮೇಲೆ ಒಂದು ಸುತ್ತು ಹಾಕುತ್ತಾನೆ, ಊರಿಗೆ ಊರೇ ಹೊರಗೆ ಬಂದು ಲ್ಯಾಂಬರ್ಟರ ಹೆಸರು ಹಿಡಿದು ಕೂಗುತ್ತದೆ. ರನ್‌ವೇ ಎಂಟುನೂರ ಇಪ್ಪತ್ತು ಮೀಟರ್. ದಿನಕ್ಕೆ ಎರಡು ವಿಮಾನ, ಗಾಳಿ ಅಡ್ಡ ಬಂದರೆ ಒಂದೂ ಇಲ್ಲ.

ನನ್ನ ಕೆಲಸ ತೂಕ ಮಾಡುವುದು. ವಿಮಾನದಲ್ಲಿ ಒಂಬತ್ತೇ ಸೀಟು. ಇಷ್ಟು ಗಿಡ್ಡ ರನ್‌ವೇಯಿಂದ ಏಳಬೇಕಾದರೆ ಒಳಗೆ ಎಷ್ಟು ಭಾರವಿದೆ, ಯಾವ ಕಡೆ ಇದೆ ಎಂದು ಪೈಲಟ್‌ಗೆ ಸರಿಯಾಗಿ ಗೊತ್ತಿರಬೇಕು. ಅದಕ್ಕೆ ಪ್ರತಿಯೊಬ್ಬರನ್ನೂ, ಕೈಯಲ್ಲಿರುವ ಸಾಮಾನಿನ ಸಮೇತ, ತೂಕದ ಯಂತ್ರದ ಮೇಲೆ ನಿಲ್ಲಿಸಿ ಬರೆದುಕೊಳ್ಳುತ್ತೇನೆ. ಯಾರು ಯಾವ ಸೀಟಿನಲ್ಲಿ ಕೂರಬೇಕೆಂದು ನಾನೇ ಹೇಳುತ್ತೇನೆ. ಮಂತ್ರಿಯಾದರೂ ಅಷ್ಟೆ, ಮದುಮಗಳಾದರೂ ಅಷ್ಟೆ. ಹೋದ ವಾರ ಒಂದು ಜೋಡಿಯನ್ನು ಮದುವೆಯಾದ ಮಾರನೇ ದಿನವೇ ಬೇರೆ ಬೇರೆ ಸಾಲಿನಲ್ಲಿ ಕೂರಿಸಿದೆ.

ಇಲ್ಲಿ ಯಾರ ಬಾಯಿಮಾತಿನ ಮೇಲೂ ತೂಕ ಬರೆಯುವಂತಿಲ್ಲ. ಆ ಸಂಗತಿ ಬೇಡ ಎಂದಿದ್ದೀರಿ. ಸರಿ. ಗೇಟಿನ ಬಗ್ಗೆ ಎಷ್ಟು ಬೇಕಾದರೂ ಕೇಳಿ, ಹೇಳುತ್ತೇನೆ. ಆದರೆ ನಿಮ್ಮ ಬಾಯಿಂದ ಯಾವ ಮಾತಿಗಾಗಿ ನಾನು ಕಾಯುತ್ತಿದ್ದೇನೆ ಎಂದು ನಿಮಗೂ ಗೊತ್ತಿದೆ.

ನಿಖಿತಾ


ಸಟನ್
೨೧ ಏಪ್ರಿಲ್ ೨೦೨೪

ಪ್ರಿಯ ನಿಖಿತಾ,

ಒಂದು ಅಕ್ಷರವೂ ತಪ್ಪಿಲ್ಲ. ಎರಡು ಸಲ ಹುಡುಕಿದೆ.

ನಿನ್ನ ಕಾಗದವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ, ಕೊನೆಯ ಪ್ಯಾರಾ ಬಿಟ್ಟು. ಲ್ಯಾಂಬರ್ಟರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿದೆ. ರಿಟೈರ್ ಆದ ಮೇಲೆ ನನಗೆ ಇರುವ ಕೆಲಸವೆಂದರೆ ಕೌನ್ಸಿಲ್‌ನವರು ಯಾವ ದಿನ ಯಾವ ಬಣ್ಣದ ಕಸದ ಡಬ್ಬಿ ಒಯ್ಯುತ್ತಾರೆಂದು ನೆನಪಿಡುವುದು. ಆ ಮನುಷ್ಯನಿಗೆ ಸೈರನ್ ಇದೆ, ಗಾಡಿ ಇದೆ, ಆಡುಗಳಿವೆ!

ಈಗ ಪ್ರಶ್ನೆಗಳು. ಭಾರದವರನ್ನು ಮುಂದೆ ಕೂರಿಸುತ್ತೀಯೋ ಹಿಂದೆಯೋ? ಒಬ್ಬರ ತೂಕ ಹತ್ತು ಕಿಲೋ ತಪ್ಪಿದರೆ ವಿಮಾನಕ್ಕೆ ತಿಳಿಯುತ್ತದೆಯೆ? ಮಳೆಯಲ್ಲಿ ನೆನೆದು ಬಂದವರ ಬಟ್ಟೆಯ ನೀರನ್ನೂ ಲೆಕ್ಕ ಹಿಡಿಯುತ್ತೀಯಾ? ಜನ ಸುಳ್ಳು ಹೇಳುತ್ತಾರೆಯೆ? ನನಗೆ ಗೊತ್ತು, ಹೇಳುತ್ತಾರೆ. ಮೂವತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟವನು ನಾನು. ಎಂಥ ಸತ್ಯವಂತರೂ ತೂಕದ ವಿಷಯದಲ್ಲಿ ಐದಾರು ಕಿಲೋ ನುಂಗುತ್ತಾರೆ. ಅದಕ್ಕೇ ನಮ್ಮ ಕೆಲಸದಲ್ಲೂ ಮೊದಲ ಪಾಠವೆಂದರೆ

ಇಲ್ಲಿ ಅಮ್ಮ ಊಟಕ್ಕೆ ಕರೆದಳು. ಉಂಡು ಬಂದ ಮೇಲೆ ಆ ವಾಕ್ಯ ಹೇಗೆ ಮುಗಿಸಬೇಕೆಂದಿದ್ದೆನೋ ಮರೆತುಹೋಯಿತು.

ಕಲ್ಯಾಣಿ ಕಾಕು ಈಗ ಆರಾಮ. ಯುಗಾದಿಗೆ ರೇನರ್ಸ್ ಲೇನ್‌ನಲ್ಲಿ ಅವರ ಮನೆಯಲ್ಲೇ ಎಲ್ಲರೂ ಸೇರಿದ್ದೆವು. ಹೆಂಡತಿಗೆ ಬಿಡದೆ ಉದಯಶಂಕರ್ ತಾನೇ ಹೋಳಿಗೆ ತಟ್ಟಿದ, ಕಾಕು ಎಲ್ಲರಿಗೂ ಓಡಾಡಿ ಬಡಿಸಿದಳು. ನಿನ್ನ ಬಗ್ಗೆ ಕೇಳಿದಳು. ಚೆನ್ನಾಗಿದ್ದಾಳೆ, ಆಡು ಕಾಯುತ್ತಾಳೆ ಎಂದೆ.

ಅಪ್ಪ


ಮೆರೋನ್ ದ್ವೀಪ
೩೦ ಮೇ ೨೦೨೪

ಅಪ್ಪಾ,

ನಾಲ್ಕು ದಿನದಿಂದ ವಿಮಾನವಿಲ್ಲ. ಕಾರಣ ಗಾಳಿಯಲ್ಲ, ಏಡಿ. ಮೊದಲ ಮಳೆ ಬಿದ್ದ ಕೂಡಲೇ ಗುಡ್ಡದ ಕಾಡಿನಿಂದ ಸಾವಿರಾರು ಕೆಂಪು ಏಡಿಗಳು ಮೊಟ್ಟೆ ಇಡಲು ಸಮುದ್ರಕ್ಕೆ ಹೊರಡುತ್ತವೆ. ಅವುಗಳ ದಾರಿ ನಮ್ಮ ರನ್‌ವೇ. ನಾವೆಲ್ಲ ಸಾಲಾಗಿ ನಿಂತು ತೆಂಗಿನ ಕಡ್ಡಿಯ ಪೊರಕೆಯಿಂದ ಅವನ್ನು ಪಕ್ಕಕ್ಕೆ ಸರಿಸುತ್ತೇವೆ. ಈ ತುದಿ ಮುಗಿಸುವಷ್ಟರಲ್ಲಿ ಆ ತುದಿ ತುಂಬಿರುತ್ತದೆ. ಕೊಲ್ಲುವಂತಿಲ್ಲ, ಊರಿನವರು ಕೊಲ್ಲಲು ಬಿಡುವುದಿಲ್ಲ. ನಿಮಗೆ ಹಿಡಿಸುತ್ತಿತ್ತು.

ಭಾರದವರು ರೆಕ್ಕೆಯ ಹತ್ತಿರದ ಸಾಲಿಗೆ. ಹತ್ತು ಕಿಲೋ ಒಬ್ಬರದು ತಪ್ಪಿದರೆ ಏನೂ ಆಗುವುದಿಲ್ಲ, ಒಂಬತ್ತೂ ಜನರದು ತಪ್ಪಿದರೆ ಆಗುತ್ತದೆ. ನೆನೆದವರನ್ನು ನೆನೆದ ಹಾಗೇ ತೂಗುತ್ತೇನೆ. ಸುಳ್ಳು ಹೇಳುವ ಸಂದರ್ಭವೇ ಬರುವುದಿಲ್ಲ, ಏಕೆಂದರೆ ಕೇಳುವುದೇ ಇಲ್ಲ. ಇಲ್ಲಿನ ಹೆಂಗಸರು ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು, ಮೀನಿನ ಬುಟ್ಟಿ ಹಿಡಿದು ಯಂತ್ರ ಹತ್ತುತ್ತಾರೆ. "ನಂಬರ್ ಎಷ್ಟು, ಜೋರಾಗಿ ಹೇಳು!" ಅಂತ ನನಗೇ ಗದರುತ್ತಾರೆ.

ಈಗ ನನ್ನ ವಿಷಯ. ಇಲ್ಲಿನ ಮುಖ್ಯಸ್ಥೆ ಮಿಸೆಸ್ ಒಡೆಟ್ ನನಗೆ ಒಂದು ಹುದ್ದೆಗೆ ಅರ್ಜಿ ಹಾಕಲು ಹೇಳಿದ್ದಾರೆ. ಸಿಕ್ಕರೆ ವಿಮಾನ ಹೊರಡಬಹುದೋ ಬೇಡವೋ ಎಂದು ನಿಲ್ದಾಣದ ಪರವಾಗಿ ಸಹಿ ಹಾಕುವವಳು ನಾನಾಗುತ್ತೇನೆ. ಈ ಕೆಲಸ ನನಗೆ ಬೇಕು ಅಪ್ಪಾ. ಬಹಳ ಬೇಕು. ಡಾಕ್ಟರ್ ಆಗಬೇಕೆಂದು ಕೂಡ ಇಷ್ಟು ಆಸೆಪಟ್ಟಿರಲಿಲ್ಲ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಹಿಂದೆ ಕೆಲಸದಲ್ಲಿ ತಪ್ಪು ಮಾಡಿ ಎಚ್ಚರಿಕೆ ಪಡೆದಿದ್ದೀರಾ, ವಿವರ ಕೊಡಿ, ಆ ಸಂಗತಿ ಬಲ್ಲವರೊಬ್ಬರಿಂದ ಪತ್ರ ತರಿಸಿ.

ನೀವು ಬಲ್ಲಿರಿ. ಆದರೂ ಬರೆಯುತ್ತೇನೆ, ಯಾಕೆಂದರೆ ಇದುವರೆಗೆ ನಮ್ಮ ಮನೆಯಲ್ಲಿ ಯಾರೂ ಇದನ್ನು ಮೊದಲಿಂದ ಕೊನೆಯವರೆಗೆ ಹೇಳಿಲ್ಲ. ಕಲ್ಯಾಣಿ ಕಾಕು ಆಪರೇಷನ್ನಿಗೆಂದು ನಾನು ಡಾಕ್ಟರಾಗಿದ್ದ ವಾರ್ಡಿಗೆ ಬಂದರು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಅವರಿಗೆ ತೂಕ ನೋಡಿ ಕೊಡಬೇಕಿತ್ತು. ಅವರು ಅರವತ್ತೆರಡು ಎಂದರು, ನಾನು ಅರವತ್ತೆರಡು ಎಂದು ಬರೆದೆ. ನಿಜವಾದ ತೂಕ ಎಂಬತ್ತೇಳು. ಒಂಬತ್ತನೇ ದಿನ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತು. ನಾಲ್ಕು ದಿನ ಐಸಿಯುನಲ್ಲಿದ್ದು ಬದುಕಿದರು. ವಿಚಾರಣೆಯಲ್ಲಿ ನಾನು, ರೋಗಿ ಹೇಳಿದ ತೂಕ ಬರೆದೆ, ಅದು ನನ್ನ ತಪ್ಪು ಎಂದೆ. ಅಷ್ಟೇ ಹೇಳಿದೆ. ಲಿಖಿತ ಎಚ್ಚರಿಕೆ ಕೊಟ್ಟರು.

ಕಾಕು ವಾರ್ಡಿಗೆ ಬಂದ ದಿನ ಬೆಳಿಗ್ಗೆ ನನಗೆ ಬಂದ ಫೋನಿನ ವಿಷಯ ಯಾರಿಗೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಪತ್ರ ನೀವು ಬರೆಯಬೇಕು. ಮಿಸೆಸ್ ಒಡೆಟ್‌ಗೆ ಇಂಗ್ಲಿಷಿನಲ್ಲಿ. ಇದ್ದದ್ದನ್ನು ಇದ್ದ ಹಾಗೆ.

ನಿಖಿತಾ


ಸಟನ್
೨೭ ಜೂನ್ ೨೦೨೪

ಪ್ರಿಯ ನಿಖಿತಾ,

ಪತ್ರ ಇದರೊಳಗೆ ಇಟ್ಟಿದ್ದೇನೆ. ಹಳೆಯ ಲೆಟರ್‌ಹೆಡ್ ಒಂದು ಉಳಿದಿತ್ತು, ಅದರ ಮೇಲೆ ಟೈಪ್ ಮಾಡಿಸಿದೆ. ನಿನ್ನ ಶ್ರದ್ಧೆ, ಪ್ರಾಮಾಣಿಕತೆ, ಚಿಕ್ಕಂದಿನಿಂದಲೂ ನಿನಗಿರುವ ಜವಾಬ್ದಾರಿ ಎಲ್ಲ ಬರೆದಿದ್ದೇನೆ. ಆ ಘಟನೆಯನ್ನೂ ಒಂದು ವಾಕ್ಯದಲ್ಲಿ ಹೇಳಿದ್ದೇನೆ. ಕೆಲಸ ಸಿಗುತ್ತದೆ, ಚಿಂತೆ ಬೇಡ.

ಏಡಿಗಳು ಹಿಂತಿರುಗುವಾಗಲೂ ಅದೇ ದಾರಿ ಹಿಡಿಯುತ್ತವೆಯೋ?

ಅಪ್ಪ


ಮೆರೋನ್ ದ್ವೀಪ
೨೯ ಜುಲೈ ೨೦೨೪

ಅಪ್ಪಾ,

ನಿಮ್ಮ ಪತ್ರ ವಾಪಸ್ ಕಳಿಸಿದ್ದೇನೆ. ಮಿಸೆಸ್ ಒಡೆಟ್‌ಗೆ ತೋರಿಸಲಿಲ್ಲ. ಅದರಲ್ಲಿರುವ ಒಂದು ವಾಕ್ಯ ಇದು: "ಕೆಲಸದ ಒತ್ತಡದಲ್ಲಿ ಆಕೆಯಿಂದ ಒಂದು ಸಣ್ಣ ಲೋಪವಾಯಿತು." ಅವತ್ತು ಒತ್ತಡವಿರಲಿಲ್ಲ. ವಾರ್ಡಿನಲ್ಲಿ ಐದೇ ರೋಗಿಗಳಿದ್ದರು. ಸಣ್ಣದೂ ಅಲ್ಲ.

ನನ್ನನ್ನು ಹೊಗಳಿ ಎಂದು ನಾನು ಕೇಳಿರಲಿಲ್ಲ.

ಹೌದು, ಅದೇ ದಾರಿ.

ನಿಖಿತಾ


ಸಟನ್
೯ ಸೆಪ್ಟೆಂಬರ್ ೨೦೨೪

ನಿಖೀ,

ಮೂರು ವಾರದಿಂದ ನಿನ್ನ ಕಾಗದ ಅಡಿಗೆಮನೆಯ ಫ್ರಿಜ್ಜಿನ ಮೇಲಿದೆ. ಅದರ ಹತ್ತಿರ ಹೋಗುವುದೂ ಕಷ್ಟವಾಗಿ ಹಾಲಿಲ್ಲದ ಚಹಾ ಕುಡಿಯುತ್ತಿದ್ದೇನೆ.

ಹೋದ ಭಾನುವಾರ ಅಮ್ಮ, "ವಿಮಾನ ವಿಮಾನ ಅಂತೀರಲ್ಲ, ಇಲ್ಲೇ ಕ್ರಾಯ್ಡನ್‌ದಾಗ ಹಳೇ ಏರ್‌ಪೋರ್ಟ್ ಅದ, ಹೋಗಿ ನೋಡಿ ಬರ್ರಿ, ನನಗರೆ ಸ್ವಲ್ಪ ಪುರಸೊತ್ತು ಸಿಗತದ" ಎಂದು ಮನೆಯಿಂದ ಹೊರಗೆ ಅಟ್ಟಿದಳು. ಎರಡು ಬಸ್ಸು ಬದಲಿಸಿ ಪರ್ಲಿ ವೇಗೆ ಹೋದೆ. ಸುತ್ತ ಅಂಗಡಿ, ಗೋದಾಮು, ಕಾರು ಮಾರುವವರು. ನಡುವೆ ಆ ಬಿಳಿ ಕಟ್ಟಡ. ನೂರು ವರ್ಷದ ಹಿಂದೆ ಲಂಡನ್ನಿನ ಜನ ಪ್ಯಾರಿಸ್ಸಿಗೆ, ಕರಾಚಿಗೆ ಹಾರಿದ್ದು ಅಲ್ಲಿಂದ. ಮೂವತ್ತು ವರ್ಷದಿಂದ ಅದರ ಮುಂದೆ ಓಡಾಡಿದ್ದೇನೆ, ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ.

ಅಲ್ಲಿ ಟೈ ಕಟ್ಟಿದ ಒಬ್ಬ ಅಜ್ಜ ಬಂದವರಿಗೆಲ್ಲ ವಿವರಿಸುತ್ತಿದ್ದರು. ನಾನು ನಿನ್ನ ಕೆಲಸದ ವಿಷಯ ಹೇಳಿದೆ. ಅವರ ಕಣ್ಣು ಅರಳಿತು. ಇಲ್ಲೂ ಹಾಗೇ, ಪ್ರಯಾಣಿಕರನ್ನು ಸಾಮಾನಿನ ಜೊತೆ ತೂಗುತ್ತಿದ್ದರು ಎಂದರು. ದೊಡ್ಡ ಮನೆತನದ ಹೆಂಗಸರಿಗೆ ಮುಜುಗರವಾಗಬಾರದೆಂದು ಮುಳ್ಳು ಕಾಣುವ ಕಡೆಯನ್ನು ಗುಮಾಸ್ತನಿಗೆ ಮಾತ್ರ ಕಾಣುವಂತೆ ತಿರುಗಿಸಿ ಇಡುತ್ತಿದ್ದರಂತೆ. ಅವನು ಓದಿ ಬರೆದುಕೊಳ್ಳುತ್ತಿದ್ದ, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮರ್ಯಾದೆಯೂ ಉಳಿಯಿತು, ತೂಕವೂ ಸಿಕ್ಕಿತು.

ನಾನು ಅಲ್ಲೇ ಒಂದು ಬೆಂಚಿನ ಮೇಲೆ ಕೂತುಬಿಟ್ಟೆ. ಅಜ್ಜ ನೀರು ತಂದುಕೊಟ್ಟರು.

ಅದೇ ದಿನ ಸಂಜೆ ಮಿಸೆಸ್ ಒಡೆಟ್‌ಗೆ ಕೈಯಲ್ಲೇ ಬರೆದು, ಲಕೋಟೆ ಅಂಟಿಸಿ, ಸೋಮವಾರ ನೇರ ಅವರ ವಿಳಾಸಕ್ಕೆ ಕಳಿಸಿದೆ. ಅದರಲ್ಲಿ ಇಂಗ್ಲಿಷಿನಲ್ಲಿರುವುದನ್ನೇ ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

೨೦೨೧ರ ಅಕ್ಟೋಬರ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಏಳೂವರೆಗೆ ಉದಯಶಂಕರ್ ನನಗೆ ಫೋನ್ ಮಾಡಿದ. "ಗೋಪಿ, ಕಲ್ಯಾಣಿ ರಾತ್ರಿಯಿಂದ ಅಳಲಿಕ್ಕತ್ಯಾಳ. ಆಪರೇಷನ್ನಿನ ಹೆದರಿಕಿ ಅಲ್ಲ. ನಿಖಿತಾನ ಮುಂದ ವಜನದ ಮಷೀನ್ ಹತ್ತಬೇಕಲ್ಲ ಅಂತ. ನಮ್ಮನ್ಯಾಗ ಆಡಿ ಬೆಳೆದ ಹುಡುಗಿ, ನಾಳೆ ನಾಕ ಮಂದಿ ಕೂಡಿದಾಗ ಆಕಿ ಮಾರಿ ಹ್ಯಾಂಗ ನೋಡ್ಲಿ ಅಂತಾಳ" ಎಂದ. ನಾನು ನಿನಗೆ ಫೋನ್ ಮಾಡಿದೆ. ನನ್ನ ಮಾತು ನನಗೆ ಅಕ್ಷರಶಃ ನೆನಪಿದೆ. "ಕಲ್ಯಾಣಿ ಕಾಕೂನ್ನ ಮಷೀನಿನ ಮ್ಯಾಲೆ ನಿಲ್ಲಸಬ್ಯಾಡವಾ. ಹಿರೇರು. ಎಷ್ಟ ಹೇಳ್ತಾರೋ ಅಷ್ಟ ಬರಕೊಂಡ ಬಿಡು." ನೀನು, "ಅಪ್ಪಾ, ನೋಡಲೇಬೇಕಾಗ್ತದ" ಎಂದೆ. ನಾನು, "ಇಷ್ಟು ವರ್ಷ ಮಾಡಿದಾಂವ ಹೇಳ್ತೀನಿ, ಏನೂ ಆಗಂಗಿಲ್ಲ" ಎಂದೆ.

ತೆರೆ ಎಳೆದು, ಪರಿಚಯವಿಲ್ಲದ ನರ್ಸೊಬ್ಬಳ ಕೈಲಿ ನೋಡಿಸು ಎಂದು ಹೇಳಿಕೊಟ್ಟಿದ್ದರೆ ಸಾಕಿತ್ತು. ನೂರು ಸಲ ನಾನೇ ಹಾಗೆ ಮಾಡಿಸಿದ್ದೇನೆ. ಅವತ್ತು ನನ್ನ ತಲೆಯಲ್ಲಿ ಡಾಕ್ಟರ್ ಇರಲಿಲ್ಲ, ಸ್ನೇಹಿತನ ಮನೆಯ ಮರ್ಯಾದೆ ಕಾಯುವ ದೊಡ್ಡ ಮನುಷ್ಯ ಇದ್ದ.

ಅದು ಮೊದಲ ತಪ್ಪು. ಎರಡನೆಯದು ಅದಕ್ಕಿಂತ ಕೆಟ್ಟದ್ದು. ವಿಚಾರಣೆ ಮುಗಿದ ವಾರ ಉದಯಶಂಕರ್ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಅವನ ಎದುರಿಗೆ ನಾನು, "ಮೂವತ್ತೆರಡ ವರ್ಷದಾಗ ಒಬ್ಬ ಪೇಶಂಟನ್ನೂ ವಜನ ನೋಡದ ಬಿಟ್ಟಿಲ್ಲ ನಾ. ಇಕಿಗೆ ಇದನ್ನ ಯಾರ ಕಲಿಸಿದ್ರೋ!" ಎಂದೆ. ಉದಯಶಂಕರ್‌ಗೆ ಸತ್ಯ ಗೊತ್ತಿತ್ತು, ಅವನು ತಟ್ಟೆ ನೋಡುತ್ತಿದ್ದ. ನೀನು ನನ್ನನ್ನು ನೋಡಿದೆ. ನಾನು ಸಾರು ಬಡಿಸಿಕೊಂಡೆ. ನೀನು ಊಟ ಬಿಟ್ಟು ಎದ್ದೆ, ಜನವರಿಯಲ್ಲಿ ಹೊರಟುಹೋದೆ. ನೀನು ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ನನ್ನ ಹೆಸರು ಹೋಗುತ್ತಿತ್ತು. ನೀನು ಬಿಡಲಿಲ್ಲ. ನಾನು ಅದನ್ನು ಅನುಕೂಲವೆಂದುಕೊಂಡೆ.

ಇದನ್ನು ಅಮ್ಮನಿಗೆ ಹೇಳಿದೆ. ಎರಡು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ, ಇವತ್ತು ಚಹಾ ಮಾಡಿಕೊಟ್ಟಿದ್ದಾಳೆ. ಶನಿವಾರ ರೇನರ್ಸ್ ಲೇನ್‌ಗೆ ಹೋಗಿ ಕಲ್ಯಾಣಿಗೂ ಹೇಳಿದೆ. ಅವಳು ಬಹಳ ಹೊತ್ತು ಸೆರಗಿನ ಅಂಚು ತಿರುಚುತ್ತಿದ್ದಳು. "ಅಂದ್ರ ಆ ಹುಡುಗಿ ನನ್ನ ಮಾನಾ ಉಳಸಾಕ ಹೋಗಿ ತನ್ನ ಕೆಲಸ ಬಿಟ್ಟ ಹೋದ್ಲು, ನೀವಿಬ್ಬರೂ ಗಂಡಸರು ಸುಮ್ಮನ ಕೂತ್ರಿ" ಅಂದಳು.

ತಪ್ಪು ನನ್ನದು, ನಿಖಿತಾ. ನಿನ್ನದು ಅಪ್ಪನ ಮಾತು ಕೇಳಿದ್ದು ಮಾತ್ರ. ಕ್ಷಮಿಸು ಎಂದು ಕೇಳಲು ನನಗೆ ನಾಚಿಕೆಯಾಗುತ್ತಿದೆ, ಆದರೂ ಕೇಳುತ್ತಿದ್ದೇನೆ.

ಇವತ್ತು ಪ್ರಶ್ನೆಗಳಿಲ್ಲ.

ಅಪ್ಪ


ಮೆರೋನ್ ದ್ವೀಪ
೧೪ ಅಕ್ಟೋಬರ್ ೨೦೨೪

ಅಪ್ಪಾ,

ಎರಡು ಲಕೋಟೆಯೂ ಒಂದೇ ವಿಮಾನದಲ್ಲಿ ಬಂದವು, ಇವತ್ತು ಬೆಳಿಗ್ಗೆ. ಲ್ಯಾಂಬರ್ಟ್ ನನ್ನದನ್ನು ನನಗೆ ಕೊಟ್ಟು ಇನ್ನೊಂದನ್ನು ಮಿಸೆಸ್ ಒಡೆಟ್ ಟೇಬಲ್ಲಿನ ಮೇಲೆ ಇಟ್ಟರು.

ನಿಮಗೆ ಗೊತ್ತಿಲ್ಲದ ಒಂದು ವಿಷಯವಿದೆ. ಹುದ್ದೆಯ ತೀರ್ಮಾನ ಆಗಸ್ಟ್ ಕೊನೆಯಲ್ಲೇ ಆಗಿಹೋಯಿತು. ನಿಮ್ಮಿಂದ ಇನ್ನು ಬರುವುದಿಲ್ಲವೆಂದು ಆಸೆ ಬಿಟ್ಟು, ಯಾರ ಪತ್ರವೂ ಇಲ್ಲದೆ, ನಾನೇ ಬರೆದುಕೊಟ್ಟಿದ್ದೆ. ರೋಗಿಯ ತೂಕ ನೋಡದೆ ಬರೆದೆ, ರೋಗಿ ಸಾಯುವ ಹಂತಕ್ಕೆ ಹೋದರು ಎಂದು. ಆಗಲೂ ನಿಮ್ಮ ಹೆಸರು ಹಾಕಲಿಲ್ಲ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಮಿಸೆಸ್ ಒಡೆಟ್ ಓದಿ, "ಅಂಥ ತಪ್ಪು ಮಾಡಿದವರು ತೂಕದ ಯಂತ್ರ ಕಂಡರೆ ದೂರ ಓಡುತ್ತಾರೆ, ನೀನು ಅದರ ಪಕ್ಕದಲ್ಲೇ ಎರಡು ವರ್ಷ ನಿಂತಿದ್ದೀಯ" ಎಂದು ಹೇಳಿ ಸಹಿ ಹಾಕಿದರು. ಆರು ವಾರದಿಂದ ವಿಮಾನ ಹೊರಡಿಸುತ್ತಿರುವವಳು ನಾನೇ. ಅಮ್ಮನಿಗೂ ಹೇಳಿರಲಿಲ್ಲ, ಹೇಳಿದರೆ ನಿಮಗೆ ಗೊತ್ತಾಗಿ ನೀವು ಬರೆಯುವುದನ್ನು ನಿಲ್ಲಿಸುತ್ತೀರಿ ಅನ್ನಿಸಿತು.

ಮಧ್ಯಾಹ್ನ ಮಿಸೆಸ್ ಒಡೆಟ್ ಆ ಲಕೋಟೆಯನ್ನು ಒಡೆಯದೆ ನನ್ನ ಕೈಗೆ ಕೊಟ್ಟರು. "ಇದು ನಮಗೆ ಈಗ ಬೇಕಾಗಿಲ್ಲ. ಫೈಲಿಗೆ ಸೇರಿಸಲೇ?" ಎಂದರು. ಬೇಡ ಎಂದೆ. ಹೊರಗೆ ಬೆಂಕಿ ಗಾಡಿಯ ನೆರಳಿನಲ್ಲಿ ಕೂತು ಇಂಗ್ಲಿಷಿನದನ್ನೂ ಓದಿದೆ, ಕನ್ನಡದ್ದನ್ನೂ ಓದಿದೆ. ಎರಡರಲ್ಲೂ ಒಂದೇ ಇದೆ. ಇಂಗ್ಲಿಷಿನದರಲ್ಲಿ ಸಾರು ಬಡಿಸಿಕೊಂಡದ್ದನ್ನೂ ಬಿಟ್ಟಿಲ್ಲ ನೀವು. ಚೆನ್ನಾಗಿ ಅತ್ತೆ. ಲ್ಯಾಂಬರ್ಟ್ ನೋಡಿಯೂ ನೋಡದ ಹಾಗೆ ಆಡುಗಳನ್ನು ಬೈಯುತ್ತಿದ್ದರು.

ಕೆಲಸಕ್ಕೆ ಆ ಪತ್ರ ಬೇಕಾಗಿರಲಿಲ್ಲ ಅಪ್ಪಾ. ನನಗೆ ಬೇಕಾಗಿತ್ತು.

ಸಿಟ್ಟು ಪೂರ್ತಿ ಹೋಗಿಲ್ಲ. ತಪ್ಪೆಲ್ಲ ನಿಮ್ಮದೆಂದೂ ನಾನು ಒಪ್ಪುವುದಿಲ್ಲ. ಬರೆದ ಕೈ ನನ್ನದು. ಅದರ ಬಗ್ಗೆ ನಾವಿಬ್ಬರೂ ಸರಿಯಾಗಿ ಜಗಳವಾಡಬೇಕಾಗಿದೆ, ಕಾಗದದಲ್ಲಿ ಅದು ಆಗುವುದಿಲ್ಲ.

ಈ ಕಾಗದ ಸಟನ್ ಮುಟ್ಟಲು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯಲು ನನ್ನಿಂದಾಗದು. ಅಲ್ಲಿ ಈಗ ರಾತ್ರಿ ಒಂಬತ್ತು ಗಂಟೆ, ನೀವು ಎದ್ದೇ ಇರುತ್ತೀರಿ. ಇದನ್ನು ಅಂಟಿಸಿ ಲ್ಯಾಂಬರ್ಟರ ಚೀಲಕ್ಕೆ ಹಾಕಿ, ನಾನೇ ನಿಮಗೆ ಫೋನ್ ಮಾಡುತ್ತೇನೆ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ನಾವು ಮಾತಾಡಲು ಶುರುಮಾಡಿ ಒಂದು ತಿಂಗಳಾಗಿರುತ್ತದೆ.

ನಿಮ್ಮ ಮಗಳು,
ನಿಖಿತಾ